ಎರಡನೇ ಬೆರಳಿನ ಬಿಳಿ ಗೆರೆ

ಬೆಳ್ಳನೆಯ ಗೆರೆ, ಹೆಂಡತಿ ಶೈಲಜಳ ಎರಡನೇ ಕಾಲ್ಬೆರಳಿನ ಬುಡದಲ್ಲಿ, ಕಾಲುಂಗುರ ಇರಬೇಕಾದ ಜಾಗದಲ್ಲಿ, ಎಲ್ಲಿ ಹೋಯಿತೋ, ಬಟ್ಟೆ ಒಗೆಯುವಾಗ ಜಾರಿರಬೇಕು, ಕೇಳಬೇಕು ಎಂದುಕೊಂಡ ಗೋವರ್ಧನ, ಕೇಳುವಷ್ಟರಲ್ಲಿ ಬಲಗಾಲಿನ ಸರದಿ ಬಂತು — ಮಗ್ಗದ ಗುಂಡಿಯ ಕತ್ತಲೊಳಗೆ ತುಳಿಹಲಗೆಯ ಮೇಲೆ ಹೆಬ್ಬೆರಳು ಊರಿತು, ಅಯ್ಯಯ್ಯಪ್ಪಾ, ಕಾಸಿದ ದಬ್ಬಣವನ್ನು ಕೀಲೊಳಗೆ ತಿರುವಿದ ಹಾಗೆ, ಹಾಸಿನ ಎಳೆಗಳು ಬಾಯಿ ಬಿಟ್ಟವು, ಲಾಳಿ ಎಸೆದ, ಪಕ್ಕದ ಮಣೆಯಲ್ಲಿ ಕೂತ ಅವಳು ಅಂಚಿನ ಸಣ್ಣ ಲಾಳಿ ತೂರಿಸಿದಳು, ಹಣಿಗೆ ಎಳೆದು ಬಡಿದ, ಈಗ ಎಡಗಾಲು, ಸ್ವರ್ಗ, ಮತ್ತೆ ಬಲಗಾಲು, ಥೂ. ಬಗ್ಗಿ ನೋಡಬಾರದು ಎಂದುಕೊಂಡೇ ನೋಡುತ್ತಾನೆ, ಊದಿದ ಹೆಬ್ಬೆರಳು, ಬದನೆಕಾಯಿ ಬಣ್ಣ, ಹೊಳೆಯುವ ಚರ್ಮ, ಅದರ ಮೇಲೆ ಹಚ್ಚಿದ ಮುಲಾಮು ಬೆವರಿಗೆ ಕರಗಿ ಗುಂಡಿಯ ಮುಗ್ಗಲು ವಾಸನೆಯೊಂದಿಗೆ ಸೇರಿ ಮೂಗಿಗೆ ಬಡಿಯುತ್ತದೆ, ಇದು ತನ್ನ ಕಾಲೇ, ಬೀದಿಯಲ್ಲಿ ಬಿದ್ದಿದ್ದರೆ ನಾಯಿಯೂ ಮೂಸಿ ಬಿಟ್ಟುಹೋಗುತ್ತಿತ್ತು, ರಾತ್ರಿ ಹೊದಿಕೆಯ ಅಂಚು ತಾಕಿದರೂ ಬೊಬ್ಬೆ ಹಾಕುವ ಈ ದರಿದ್ರ ಬೆರಳನ್ನೇ ಬೆಳಗಾದರೆ ಹಲಗೆಗೆ ಒತ್ತಬೇಕು. ಚಳ್ಳಕೆರೆಯ ಡಾಕ್ಟರು ಹೇಳಿದ್ದು ಯೂರಿಕ್ ಆಸಿಡ್ಡು ಎಂದು, ರಕ್ತದಲ್ಲಿ ಜಾಸ್ತಿ ಆಗಿ ಕೀಲಲ್ಲಿ ಹರಳು ಕಟ್ಟೈತೆ, ಗೌಟು ಅಂತಾರೆ, ಏನೇನ್ ತಿಂದೆ, ತಿಂದಿದ್ದೇನು, ಕಾಲು ಸೂಪು ತಿಂದೆ ಸಾರ್, ಮೂಲೆ ಅಂಗಡಿಯ ಬೈಕ್ ಮೆಕ್ಯಾನಿಕ್ಕು ರಸೂಲ್ ಸಾಬ್ ಎದೆ ತಟ್ಟಿ ಹೇಳಿದ್ದ, ಅರೇ ಗೋವರ್ಧನಣ್ಣ, ಪಾಯಾ ಕುಡೀರಿ, ಕಾಲಿಗೆ ಕಾಲೇ ಮದ್ದು, ನಮ್ಮ ಅಬ್ಬಾಗೆ ಹಂಗೇ ವಾಸಿ ಆತು. ಅವ್ವ ನಂಬಿದಳು, ತಾನೂ ನಂಬಿದ, ದಿನಾ ಮೇಕೆ ಕಾಲು ತಂದು ಒಲೆಯಲ್ಲಿ ಸುಟ್ಟು ಕೆರೆದು ಕುದಿಸಿದ್ದೇ ಕುದಿಸಿದ್ದು, ಸುಟ್ಟ ಗೊರಸಿನ ಕಮಟು ಮನೆ ತುಂಬಾ, ರೇಷ್ಮೆ ಎಳೆಗೂ ಹತ್ತಿರಬೇಕು ಆ ವಾಸನೆ, ತುಟಿಗೆ ಅಂಟುವ ಜಿಡ್ಡನ್ನು ಮೆಣಸು ಹಾಕಿಕೊಂಡು ಲೋಟಗಟ್ಟಲೆ ಕುಡಿದ, ಡಾಕ್ಟರು ತಲೆ ಚಚ್ಚಿಕೊಂಡರು, ಉರಿಯೋ ಬೆಂಕಿಗೆ ಎಣ್ಣೆ ಸುರ್ಕಂಡು ಬಂದಿದೀಯಲ್ಲಯ್ಯಾ, ಬೆಂಚಿನ ಮೇಲೆ ಕೂತ ಯಾವನೋ ಹಲ್ಲು ಕಿರಿದ, ಅದು ಸಾವ್ಕಾರ್ರಿಗೆ ಬರೋ ಕಾಯ್ಲೆ ಕಣಪ್ಪ, ಸಾವ್ಕಾರನಂತೆ, ಗುಂಡಿಯಲ್ಲಿ ಕೂತ ಸಾವ್ಕಾರ. ಈಗಲೂ ನೆನೆದರೆ ಗಂಟಲಿಗೆ ಆ ಜಿಡ್ಡು ಬರುತ್ತದೆ, ವಾಕರಿಕೆ ನುಂಗಿಕೊಂಡು ಬಲಗಾಲು ತುಳಿದ, ಮೆತ್ತಗೆ ಇಟ್ಟರೆ ಎಳೆ ಪೂರ್ತಿ ಬಾಯಿ ಬಿಡುವುದಿಲ್ಲ, ಬಡಿತ ಸಡಿಲ ಬೀಳುತ್ತದೆ, ಜೋರಾಗಿ ತುಳಿದರೆ ಕಣ್ಣು ಕತ್ತಲೆ.

ಆದರೂ ನೇಯ್ಗೆ ಕೆಟ್ಟಿಲ್ಲ, ಅದೊಂದೇ ಸಮಾಧಾನ, ದಿನಾ ಬೆಳಿಗ್ಗೆ ಗುಂಡಿಗೆ ಇಳಿದವನೇ ಹಿಂದಿನ ದಿನದ ಬಟ್ಟೆಯ ಮೇಲೆ ಹೆಬ್ಬೆಟ್ಟು ಆಡಿಸುತ್ತಾನೆ, ಕೆರೆ ನೀರಿನ ಹಾಗೆ ಸಮ, ಎಲ್ಲೂ ಸಡಿಲಿಲ್ಲ, ಕಾಲು ಕೊಳೆತರೂ ಕೈ ಕೆಟ್ಟಿಲ್ಲ ಎಂದು ಒಳಗೊಳಗೇ ಬೀಗುತ್ತಾನೆ. ಕೆಟ್ಟರೆ ಬಾಲರಾಜ್ ಬಿಡುವವನಲ್ಲ, ರೇಷ್ಮೆ ಕೊಡುವವನೂ ಅವನೇ, ಸೀರೆ ಒಯ್ಯುವವನೂ ಅವನೇ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾನೆ, ಪಕ್ಕದ ಮಾರಣ್ಣನ ಮನೆಯಲ್ಲಿ ಮದುವೆ ಸೀರೆಯ ನಡುವೆ ಬೆರಳಿಟ್ಟು ಇಲ್ಲಿಂದ ಕೈ ಬದ್ಲಾಗೈತೆ ನೋಡ್ರಿ ಅಂದ, ನಿಜ, ಮಾರಣ್ಣ ಜ್ವರ ಬಂದು ಮಲಗಿದಾಗ ಭಾವಮೈದ ಕೂತಿದ್ದ, ಇಬ್ಬರ ತುಳಿತ ಒಂದೇ ಥರ ಇರಲಿಲ್ಲ, ಒಂದು ಪಟ್ಟೆ ಎದ್ದು ಕಂಡಿತು, ಆಮೇಲೆ ಆ ಮನೆಗೆ ರೇಷ್ಮೆ ಬರಲಿಲ್ಲ, ಈಗ ಅಲ್ಲಿ ಗುಂಡಿಗೆ ಮಣ್ಣು ತುಂಬಿ ಮೇಲೆ ಮಂಚ ಹಾಕಿಕೊಂಡಿದ್ದಾರೆ, ಮಾರಣ್ಣ ಅದರ ಮೇಲೆ ಬಿದ್ದುಕೊಂಡು ಟೀವಿ ನೋಡುತ್ತಾನೆ, ಅವನ ಮುಖ ನೋಡುವುದಕ್ಕೇ ಅಸಹ್ಯ. ತನ್ನ ಗುಂಡಿಗೆ ಮಣ್ಣು ಬೀಳಬಾರದು, ಈ ಹಲಗೆಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ಗುಳಿಯಿದೆ, ಅದರೊಳಗೇ ತನ್ನದೂ ಕೂತಿದೆ. ಶೈಲಜಾ ಕೇಳಿದ್ದಳು, ಕಾಲು ಇಳಿಯೋಗಂಟ ನಾನು ಕೂಕಂತೀನಿ ಕಣ್ರೀ, ನಂಗೂ ಬರ್ತೈತೆ, ರಾಂಪುರದಾಗೆ ನಮ್ಮಪ್ಪನ ಮನೇಲಿ ನೇಯ್ದೋಳೇ ಅಲ್ವಾ, ಅತ್ತೆ ಪಕ್ಕದಾಗೆ ಕೂಕಂತಾರೆ — ಬೆಂಕಿ ಬಿದ್ದ ಹಾಗಾಗಿತ್ತು, ತಟ್ಟೆ ಎಸೆದಿದ್ದ, ನಾನು ಸತ್ತ ಮೇಲೆ ಇಳಿಯೇ, ಅಲ್ಲಿಗಂಟ ಈ ಗುಂಡಿ ನಂದು. ಸಾರು ಗೋಡೆಗೆ ಹಾರಿತ್ತು, ಒಲೆ ಮುಂದೆ ಕೂತ ಅವ್ವ ಬೊಮ್ಮಕ್ಕ ತಲೆ ಎತ್ತಲಿಲ್ಲ, ಒರೆಸಿದವಳು ಶೈಲಜಳೇ, ಬಗ್ಗಿದಾಗ ಕಾಲುಂಗುರ ನೆಲಕ್ಕೆ ತಾಗಿ ಟಿಣ್ ಅಂದದ್ದು ನೆನಪಿದೆ, ಆಗ ಇತ್ತಲ್ಲ, ಈಗಿಲ್ಲ, ಆ ಬಿಳಿ ಗೆರೆ ಎಲ್ಲೋ ನೋಡಿದ್ದು, ಎಲ್ಲಿ, ಅವ್ವನ ಕಾಲಲ್ಲಿ, ಅಪ್ಪ ಸತ್ತ ಮೇಲಿನ ತಿಥಿಯ ಬೆಳಿಗ್ಗೆ ಹೆಂಗಸರು ಸೇರಿ ಸೋಪು ಹಚ್ಚಿ ಹಚ್ಚಿ ಉಂಗುರ ಎಳೆದರು, ಬರಲಿಲ್ಲ, ಮತ್ತೆ ಎಳೆದರು, ಬಂದಾಗ ಬಿಸಿಲು ಕಾಣದ ಚರ್ಮ ಬೆಳ್ಳಗೆ ನಾಚಿಕೊಂಡಿತ್ತು, ಅಂದಿನಿಂದ ಅವ್ವನ ಪಾದ ನೋಡುವುದನ್ನೇ ಬಿಟ್ಟಿದ್ದಾನೆ. ಬೇಡ, ಈ ಯೋಚನೆ ಬೇಡ, ಬಲಗಾಲು, ಹಾಳು ಬಲಗಾಲು.

ಅಷ್ಟರಲ್ಲಿ ಹೊಟ್ಟೆ ಗುಡುಗಿತು, ಮಾತ್ರೆಯ ಪ್ರತಾಪ, ನೋವಿಗೆ ಕೊಟ್ಟದ್ದು ಕರುಳನ್ನೂ ಬಿಡುವುದಿಲ್ಲ, ದಿನಾ ಮಧ್ಯಾಹ್ನ ಉಂಡು ನುಂಗಿದರೆ ಒಂದೆರಡು ಸಲ ಹಿತ್ತಲಿಗೆ ಓಡಿ ಆಮೇಲೆ ಸತ್ತವನ ಹಾಗೆ ನಿದ್ದೆ, ಇವತ್ತು ನೋವು ತಾಳದೆ ಬೆಳಿಗ್ಗೆಯೇ ನುಂಗಿದ್ದ. ಓಡುವುದೆಂದರೇನು, ಕೈ ಊರಿ ಗುಂಡಿಯಿಂದ ಮೈ ಎತ್ತಿ, ಶೈಲಜಾ ಹಿಡಿಯಲು ಬಂದರೆ ಸರಿ ಆಕಡೆ ಎಂದು ಗದರಿ, ಗೋಡೆ ತಡವಿಕೊಂಡು ಒಂಟಿ ಕಾಲಲ್ಲಿ ಕುಪ್ಪಳಿಸಿ, ಥೂ ಇದೂ ಒಂದು ಬಾಳು, ಕಕ್ಕಸಿನಲ್ಲಿ ಕುಕ್ಕರಿಸಿದರೆ ಇಡೀ ಭಾರ ಆ ಬೆರಳಿನ ಮೇಲೇ, ಅತ್ತ ಹೊಟ್ಟೆ ಹಿಂಡುತ್ತದೆ ಇತ್ತ ಕೀಲು ಕಿತ್ತುಬರುತ್ತದೆ, ನಾತ, ನೊಣ, ಬಕೆಟ್ಟಿನ ತಳದಲ್ಲಿ ಪಾಚಿ, ತನ್ನ ಮೈಯೇ ತನಗೆ ಹೇಸಿಗೆ. ಮನೆಯೊಳಗೆ ಸದ್ದಿಲ್ಲ, ತುಂಬಾ ಹೊತ್ತು ಸದ್ದಿಲ್ಲ. ಆಮೇಲೆ ಮಗ್ಗ. ಟಕ್, ಟಕ್, ಟಕ್ — ಯಾರದ್ದು, ಪಕ್ಕದ ಮಾರಣ್ಣನದಿರಬೇಕು, ದಿನಾ ಮಧ್ಯಾಹ್ನದ ನಿದ್ದೆಯಲ್ಲೂ ಕೇಳುತ್ತದಲ್ಲ ಇದು, ಚೆನ್ನಾಗಿ ತುಳಿಯುತ್ತಾನೆ, ಒಂದೇ ತೂಕ, ಕುಂಟಿಲ್ಲ — ಎಲಾ, ಮಾರಣ್ಣನ ಮಗ್ಗ ಎಲ್ಲಿದೆ, ಅಲ್ಲಿ ಮಂಚವಿದೆ. ಕೈಕಾಲು ತೊಳೆದನೋ ಇಲ್ಲವೋ, ಗೋಡೆ ಹಿಡಿದು ಬಂದ, ಬಾಗಿಲಲ್ಲಿ ನಿಂತ, ಗುಂಡಿಯಲ್ಲಿ ಶೈಲಜಾ, ಪಕ್ಕದ ಮಣೆಯಲ್ಲಿ ಅವ್ವ, ಅಪ್ಪನ ಕಾಲದಲ್ಲಿ ಕೂರುತ್ತಿದ್ದ ಹಾಗೇ ಸೆರಗು ಸಿಕ್ಕಿಸಿಕೊಂಡು ಸಣ್ಣ ಲಾಳಿ ಹಿಡಿದ ಅವ್ವ. ಶೈಲಜಳ ತೊಡೆಯ ಮೇಲೆ ಬಿಚ್ಚಿದ ರೇಷ್ಮೆ, ಗುಂಗುರು ಗುಂಗುರಾಗಿ, ತಾನು ಈಗಷ್ಟೇ ನೇಯ್ದದ್ದು. ಏನೇ ಇದು. ಬೈಬ್ಯಾಡ್ರಿ, ಮಾತ್ರೆ ನುಂಗಿದ್ರಲ್ಲ, ಬಂದು ಮಲಗ್ತೀರಿ ಅನ್ಕಂಡೆ, ಬೆಳಿಗ್ಗೆ ನೀವು ನೇಯ್ದಿದ್ದು ಸಡ್ಲ ಬೀಳ್ತೈತೆ, ಬಿಚ್ಚಿ ಮತ್ತೆ ತುಂಬಿಸ್ತೀನಿ. ಇವತ್ತಾ. ದಿನಾನೂ, ಕಾಲು ಊದ್ಕಂಡ ಮಾರನೇ ದಿನದಿಂದ. ಹತ್ತಿರ ಹೋಗಿ ದಿಂಡಿಗೆ ಸುತ್ತಿದ ಬಟ್ಟೆಯ ಮೇಲೆ ಹೆಬ್ಬೆಟ್ಟು ಆಡಿಸಿದ, ಮೊದಲು ಕಾಲು ಚೆನ್ನಾಗಿದ್ದಾಗ ತಾನು ತುಳಿದದ್ದು, ಆಮೇಲೆ ಅವಳದ್ದು, ಎಲ್ಲಿಂದ ಕೈ ಬದಲಾಗಿದೆ, ಬೆರಳಿಗೆ ಸಿಗುತ್ತಿಲ್ಲ, ಬಾಲರಾಜನ ಅಪ್ಪನಿಗೂ ಸಿಗುವುದಿಲ್ಲ, ಹಲ್ಲು ಕಚ್ಚಿ ತುಳಿದ ತನ್ನ ಇಷ್ಟು ದಿನದ ನೋವಿನ ಒಂದು ಎಳೆಯೂ ಈ ಸೀರೆಯಲ್ಲಿಲ್ಲ, ಬೀಗಿದ್ದೆಲ್ಲ ಇವಳ ನೇಯ್ಗೆಗೆ. ನಗಬೇಕೋ ಕಾರಿಕೊಳ್ಳಬೇಕೋ ತಿಳಿಯಲಿಲ್ಲ, ಮೇಲೆದ್ದು ಬಾರೇ ಎನ್ನಲು ಬಾಯಿ ತೆರೆದ, ಎದ್ದರೆ ತಾನು ಇಳಿಯಬೇಕು, ಇಳಿದರೆ ಮತ್ತೆ ಸಡಿಲ, ಮತ್ತೆ ಬಿಚ್ಚುವುದು. ಅವ್ವ ಲಾಳಿ ಹಿಡಿದೇ ಅವನ ಕಣ್ಣು ಹೋದತ್ತ ನೋಡಿದಳು, ಏಂ ನಾಯ್ನಾ, ಯಾಕ್ ಮಗಾ ಹಂಗ್ ನೋಡ್ತೀಯಾ, ಉಂಗ್ರ ಹಲಗೆ ಹಗ್ಗಕ್ಕೆ ಸಿಕ್ಕಂತಿತ್ತು, ತುಳಿಯಾಕೆ ಆಗ್ತಿರಲಿಲ್ಲ, ನಾನೇ ತೆಗೆಯಮ್ಮ ಅಂದೆ, ಗೂಡ್ನಾಗೆ ನಿನ್ ಮಾತ್ರೆ ಪಕ್ಕ ಐತೆ. ಸತ್ತ ಮೇಲೆ ಇಳಿ ಎಂದವನು ತಾನು. ಹಾಕ್ಕಳೇ ಎನ್ನಬೇಕು, ಹಾಕಿಕೊಂಡರೆ ಮಗ್ಗ ನಿಲ್ಲುತ್ತದೆ, ಎನ್ನಬೇಕು, ಏನ್ರೀ, ನೇಯ್ಲಾ, ಶೈಲಜಾ ಕಾಯುತ್ತಿದ್ದಾಳೆ, ಅವನು ಗೋಡೆಗೆ ಒರಗಿ ಕುಸಿದು ಕೂತ, ಹೂಂ ಎಂದನೋ ನರಳಿದನೋ, ಅವಳು ಹೂಂ ಎಂದೇ ತಿಳಿದಳು, ಗುಂಡಿಯೊಳಗೆ ಅಪ್ಪನ ಗುಳಿಯ ಮೇಲೆ ಅವಳ ಬಲಗಾಲು, ಹೆಬ್ಬೆರಳ ಪಕ್ಕ ಎರಡನೇ ಬೆರಳು, ಅದರ ಬುಡದಲ್ಲಿ ಬಿಳಿ ಗೆರೆ, ಕೆಳಗೆ ಹೋಯಿತು, ಮೇಲೆ ಬಂತು, ಬಿಳಿ ಗೆರೆ, ಕೆಳಗೆ, ಮೇಲೆ, ಬಿಳಿ ಗೆರೆ