ಐದು ಹೆಸರಿನ ಸಾಲ

"ಹೆಸ್ರು ನಂದು, ದುಡ್ಡು ತಿಂದೋನು ನೀನು! ಬ್ಯಾಂಕ್ನೋರು ನಂಗ್ಯಾಕೆ ಉಗೀತರೆ? ಬಾಯ್ಬುಡು ರಾಜಣ್ಣ!"

ಮುನಿಯಮ್ಮನ ಕೂಗಿಗೆ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಅವಳ ಕೈಯಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ವರ್ಷ ಕುದಿಯುವ ಬೇಸಿನ್ನಿನಲ್ಲಿ ಗೂಡಿನ ಎಳೆ ಹುಡುಕಿದ ಕೈ ಅದು. ಬೆರಳಿನ ಗೆರೆ ಅಳಿಸಿಹೋಗಿ, ರೇಷನ್ ಅಂಗಡಿಯ ಮಿಷನ್ನಿಗೆ ಅವಳ ಹೆಬ್ಬೆಟ್ಟು ಸಿಗುವುದಿಲ್ಲ. ಸಾಲಕ್ಕೆ ಮಾತ್ರ ಅವಳು ಚೆನ್ನಾಗಿ ಸಿಕ್ಕಿದ್ದಳು.

ಅವಳು ರಾಜಣ್ಣ ಅಂದ ಶೆಡ್ಡಿನ ಮಾಲೀಕ ಅನಂತರಾಜು ಕುರ್ಚಿಯಲ್ಲಿ ಕೂತು ತಟ್ಟೆ ಇಡ್ಲಿ ತಿನ್ನುತ್ತಿದ್ದ. ತಟ್ಟೆ ಕೆಳಗಿಡಲಿಲ್ಲ.

"ಯಾಕಮ್ಮೀ ಅಂಗೆ ಅರಚ್ಕತೀಯ? ಗೂಡು ಬೆಂದೈತೆ. ಹೋಗಿ ನೂಲು ತೆಗಿ."

ಮುನಿಯಮ್ಮನಿಗೆ ಒಂದೇ ಆಸೆ ಇತ್ತು. ಕೈಲಾಂಚದ ತನ್ನ ಮನೆ ಹಿಂದೆ ಎರಡು ಬೇಸಿನ್ನಿನ ಸ್ವಂತ ಮಿಷನ್ನು ಹಾಕಬೇಕು, ಇನ್ನೊಬ್ಬರ ಕೂಲಿ ಬಿಡಬೇಕು. ಸಾಲ ಕೇಳಲು ಹೋದರೆ ಮ್ಯಾನೇಜರು ಒಂದು ಕಾಗದವನ್ನು ಮುಂದಕ್ಕೆ ತಳ್ಳಿದ. ನಿನ್ನ ಸಿಬಿಲ್ ಅಂಕ ಕೆಟ್ಟಿದೆ, ಹೆಸರಿನ ಮೇಲೆ ಸಾಲ ಉಳಿದಿದೆ, ಮೊದಲು ಹಳೇ ಬಾಕಿ ತೀರಿಸು ಅಂದ. ಶೆಡ್ಡಿನಲ್ಲಿ ಏಳನೇ ಕ್ಲಾಸು ಓದಿರುವವನು ಒಲೆ ನೋಡಿಕೊಳ್ಳುವ ನಾನೊಬ್ಬನೇ. ಆ ಬೆಳಿಗ್ಗೆ ಕಾಗದ ನನ್ನ ಕೈಗೇ ಬಂತು. ಒಂಬತ್ತು ವರ್ಷದ ಹಿಂದಿನ ಸಂಘದ ಸಾಲ, ಮೂವತ್ತು ಸಾವಿರ. ಈಗ ಬಡ್ಡಿ ಸೇರಿ ನಲವತ್ತೆಂಟು ಸಾವಿರ.

ಆ ಸಾಲದ ಅರ್ಜಿ ತುಂಬಿದವನು ನಾನೇ.

ನೋಟು ರದ್ದಾದ ವರ್ಷ ಅದು. ಗೂಡು ತರಲು ಅನಂತರಾಜುವಿನ ಕೈಯಲ್ಲಿ ಕಾಸಿರಲಿಲ್ಲ. ಸಂಘದವರು ಗಂಡಸರಿಗೆ ಕೊಡುವುದಿಲ್ಲ, ಐದು ಜನ ಹೆಂಗಸರು ಒಟ್ಟಿಗೆ ಬಂದು ಒಬ್ಬರಿಗೊಬ್ಬರು ಜಾಮೀನು ನಿಂತರೆ ಮಾತ್ರ ಕೊಡುತ್ತಾರೆ. ಇವನು ಐದು ಜನ ಕೂಲಿಯವರನ್ನು ಸಾಲಾಗಿ ನಿಲ್ಲಿಸಿದ. "ಹೆಸ್ರು ನಿಮ್ದು, ಕಂತು ನಂದು" ಅಂದ. ಎಲ್ಲರೂ ಅವನ ಹತ್ತಿರ ಮುಂಗಡ ತಗೊಂಡವರೇ, ಆಗಲ್ಲ ಅನ್ನುವ ಬಾಯಿ ಯಾರಿಗಿತ್ತು? ಅವರಿಗೆ ಒಂದೊಂದು ಸ್ಟೀಲ್ ಬಕೆಟ್ಟು ಕೊಟ್ಟ. ನನಗೆ ಐನೂರು ರೂಪಾಯಿ. ನಾಚಿಕೆಗೆಟ್ಟು ತಗೊಂಡೆ.

ಹದಿನೈದು ವಾರ ಕಟ್ಟಿದ. ಆಮೇಲೆ ನಿಲ್ಲಿಸಿದ. ವಸೂಲಿಯವರು ಒಂದಷ್ಟು ದಿನ ಬಂದರು, ಬೈದರು, ಆಮೇಲೆ ಕಾಣೆಯಾದರು. ಸಾಲ ಸತ್ತಿತು ಅಂತ ನಾವು ತಿಳಿದೆವು. ಇವನು ಬಿಡದಿಯಲ್ಲಿ ಎರಡು ಸೈಟು ಮಾಡಿದ.

ಅನಂತರಾಜು ಕೈ ಒರೆಸಿಕೊಂಡು ಫೋನು ತೆಗೆದ.

"ನೋಡಮ್ಮಿ, ನನ್ ಸಿಬಿಲ್ಲು ಏಳ್ನೂರ ತೊಂಬತ್ತು. ಬ್ಯಾಂಕ್ನೋರೇ ಫೋನ್ ಮಾಡಿ ಸಾಲ ತಗಳ್ಳಿ ಸಾರ್ ಅಂತರೆ. ಹೆಸ್ರು ಉಳುಸ್ಕಳದು ಕಲೀರಿ ಒಸಿ."

"ನಿನ್ ಹೆಸ್ರು ಉಳೀದೆ ಏನಾದದು? ನಿನ್ ಗಲೀಜೆಲ್ಲ ನಮ್ ಹೆಸ್ರಲ್ಲೈತಲ್ಲ!"

"ಆಯ್ತು ಬುಡು. ನಾನೇ ಕಟ್ಬುಡ್ತೀನಿ." ದೊಡ್ಡ ದಾನ ಮಾಡುವವನಂತೆ ಎದೆ ಮೇಲೆ ಕೈ ಇಟ್ಟುಕೊಂಡ. "ಮೂರು ವರ್ಷ ಇಲ್ಲೇ ಕೆಲ್ಸ ಮಾಡ್ತೀನಿ ಅಂತ ಬರ್ಕೊಡು. ತಿಂಗ್ಳಾ ತಿಂಗ್ಳಾ ಕೂಲೀಲಿ ಮುರ್ಕತೀನಿ."

ಮೂಲೆಯಿಂದ ಬೋರಮ್ಮ ನಕ್ಕಳು. ಆ ಐದು ಹೆಸರಲ್ಲಿ ಅವಳದೂ ಒಂದು.

"ಕೇಳುದ್ರಾ ಅಮ್ಮೀ? ಇವ್ನ್ ತಿಂದ ಸಾಲಾವ ನಮ್ ಕೂಲೀಲಿ ಇವ್ನೇ ತೀರುಸ್ತನಂತೆ! ಎಂತಾ ಧರ್ಮಾತ್ಮ!"

ನಗು ತಟ್ಟನೆ ನಿಂತಿತು. "ಲೋಕಣ್ಣ," ನನ್ನ ಕಡೆ ತಿರುಗಿದಳು, "ನನ್ ಮಗಳ ನರ್ಸಿಂಗ್ ಓದಿಗೆ ಸಾಲ ಇಲ್ಲ ಅಂದ್ರಲ್ಲ, ಅದೂ ಇದ್ಕೇಯಾ?"

ನಾನು ನೆಲ ನೋಡಿದೆ. "ಊಂ ಕಣಕ್ಕ. ಇದ್ಕೇ ಇರ್ಬೇಕು."

ಬೋರಮ್ಮ ಎದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಬುತ್ತಿ ಡಬ್ಬಿ ತೆಗೆದುಕೊಂಡಳು. ಆ ಐವರಲ್ಲೊಬ್ಬಳಾದ ಧನಲಕ್ಷ್ಮಿ ಎದ್ದಳು. ಉಳಿದಿಬ್ಬರೂ ಎದ್ದರು. ಆ ಸಾಲಕ್ಕೆ ಸಂಬಂಧವೇ ಇಲ್ಲದ ಹುಡುಗಿಯರೂ ಎದ್ದರು.

"ಎಲ್ಲಿಗ್ರಮ್ಮಿ? ಗೂಡು ಬೆಂದೈತೆ!" ಈಗ ಅನಂತರಾಜುವಿನ ದನಿ ಏರಿತು. ಬೆಂದ ಗೂಡನ್ನು ಆಗಿಂದಾಗಲೇ ಬಿಚ್ಚಬೇಕು. ಬಿಟ್ಟರೆ ಎಳೆ ಕಿತ್ತು ಬರುತ್ತದೆ, ಕಸಕ್ಕೆ ಹೋಗುತ್ತದೆ. ಅವತ್ತು ಬೆಂದಿದ್ದು ಮೂವತ್ತು ಕೆಜಿ.

ಮುನಿಯಮ್ಮ ಬಾಗಿಲಲ್ಲಿ ನಿಂತಳು. "ನೀನೇ ಬಿಚ್ಕಳಪ್ಪ. ಏಳ್ನೂರ ತೊಂಬತ್ತು ಐತಲ್ಲ ನಿಂಗೆ."

"ಹೋಗಿ, ಹೋಗಿ! ಇನ್ನೊಂದ್ ಗಂಟೆಗೆ ನಾಯಿಗಳಂಗೆ ಬತ್ತೀರ. ಲೇ ಲೋಕ, ಕರ್ಕೊಂಬಾರ್ಲಾ ಅವ್ರ್ನ!"

ನಾನು ಒಲೆಯಿಂದ ಸೌದೆ ಹೊರಗೆಳೆದು ಬೂದಿಗೆ ಒತ್ತಿದೆ. ಮುನಿಯಮ್ಮನ ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

"ಆ ಅರ್ಜಿ ಬರೆದೋನು ನಾನು ಕಣಯ್ಯ. ದುಡ್ಡು ಯಾರು ಎಣಿಸ್ಕಂಡ್ರು ಅಂತ್ಲೂ ನಾನೇ ಬರೀತೀನಿ. ಠಾಣೇಲಿ."

ಹೊರಗೆ ಬಂದೆ. ರಸ್ತೆಯಲ್ಲಿ ಹೆಂಗಸರು ಕಾಯುತ್ತಿದ್ದರು. ಅಷ್ಟರಲ್ಲಿ ಒಳಗಿಂದ "ಅಯ್ಯಯ್ಯಪ್ಪೋ" ಎಂದು ಕಿರುಚಿದ್ದು ಕೇಳಿತು. ಬೇಸಿನ್ನಿಗೆ ಕೈ ಹಾಕಿದ್ದನೇನೋ.

ಯಾರೂ ತಿರುಗಿ ನೋಡಲಿಲ್ಲ. ಗಂಟೆ ಕಳೆಯಿತು, ವಾರ ಕಳೆಯಿತು. ಯಾರೂ ಅಲ್ಲಿಗೆ ಹೋಗಲಿಲ್ಲ.