ಯಾರದೂ ಅಲ್ಲದ ಬಸವ

ಹಗ್ಗದ ಕುಣಿಕೆ ಮತ್ತೊಮ್ಮೆ ಬರೀ ಗಾಳಿಯನ್ನು ಹಿಡಿದು ನೆಲಕ್ಕೆ ಬಿತ್ತು. ಬಸವ ಕತ್ತು ಬಗ್ಗಿಸಿ ಅದನ್ನು ಮೂಸಿತು. ಹುಲ್ಲಲ್ಲವೆಂದು ಖಾತ್ರಿಯಾದ ಮೇಲೆ ಮೆಲುಕು ಮುಂದುವರಿಸಿತು.

"ಲೇ ತಿಪ್ಪೇಶಿ, ಬಸವಣ್ಣನ್ನ ಹಿಡಿಯಾಕತ್ತೀಯೋ, ಮೋಡ ಹಿಡಿಯಾಕತ್ತೀಯೋ?" ಚಾ ಅಂಗಡಿ ಕೊಟ್ರಯ್ಯ ಒಲೆಯ ಮುಂದಿನಿಂದಲೇ ಕೂಗಿದ.

"ನೀನ ಬಂದು ಹಿಡಿಯಪ್ಪ ಹಂಗಾರ. ನಂದಿನ್ನೂ ಲಗ್ನ ಆಗಿಲ್ಲ."

ದನದ ಆಸ್ಪತ್ರೆಯ ಆಳು ತಿಪ್ಪೇಶ್ ಹಗ್ಗ ಸುತ್ತಿ ಮತ್ತೆ ಬೀಸಿದ. ಈ ಸಲ ಕುಣಿಕೆ ಬಿದ್ದದ್ದು ದುರ್ಗಕ್ಕನ ಹೆಗಲ ಮೇಲೆ. ಕಳೆ ತೆಗೆಯುವ ಕುರ್ಚಿಗಿಯನ್ನು ಕೈಯಲ್ಲೇ ಹಿಡಿದು ಈರುಳ್ಳಿ ಹೊಲದಿಂದ ಓಡಿಬಂದ ಅವಳು ಬಸವನಿಗೆ ಅಡ್ಡ ನಿಂತುಬಿಟ್ಟಿದ್ದಳು. ಹಾರ ತೆಗೆಯುವಂತೆ ಹಗ್ಗವನ್ನು ತೆಗೆದು ಕೆಳಗಿಟ್ಟಳು.

"ಅವ್ವಾ, ಆಚಿಗೆ ಸರಿ," ಎಂದಳು ಭವ್ಯ.

ಭವ್ಯ ಅವಳ ಮಗಳು, ಊರಿನ ದನಕರುಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ. ಒಂದು ಕೈಯಲ್ಲಿ ಹಳದಿ ಕಿವಿಯೋಲೆಗಳ ಡಬ್ಬಿ, ಇನ್ನೊಂದರಲ್ಲಿ ಅವನ್ನು ಚುಚ್ಚುವ ಇಕ್ಕಳ. ಪಾಪಿನಾಯಕನಹಳ್ಳಿಯ ಆಕಳು, ಎಮ್ಮೆ, ಎತ್ತುಗಳಿಗೆಲ್ಲ ನಂಬರಿನ ಓಲೆ ಹಾಕಿ ಮುಗಿಸಿದ್ದಳು. ಉಳಿದದ್ದು ಇದೊಂದು. ಓಲೆಗಳು ಬಂದ ಮೇಲೆ ದುರ್ಗಕ್ಕನಿಗೆ ಒಂದೇ ಕನಸು ಮೇಲಿಂದ ಮೇಲೆ ಬೀಳುತ್ತಿತ್ತು. ತೀರಿಹೋದ ತಾಯಿ ತಾಯಕ್ಕ ಹೊಸ್ತಿಲಾಚೆ ಒದ್ದೆ ಸೀರೆಯಲ್ಲಿ ನಿಂತಿರುತ್ತಾಳೆ. ಒಳಗೆ ಬಾ ಎಂದರೆ, ನಂಬರು ಕೇಳ್ತಾರ ಮಗಳೇ, ನನ್ನ ಹತ್ರ ಇಲ್ಲಲ್ಲ ಎನ್ನುತ್ತಾಳೆ. ದುರ್ಗಕ್ಕ ಎದ್ದು ನೋಡಿದರೆ ಹೊಸ್ತಿಲು ನಿಜವಾಗಿಯೂ ಒದ್ದೆಯಾಗಿರುತ್ತಿತ್ತು.

ಜೀಪಿಗೆ ಒರಗಿ ನಿಂತಿದ್ದ ದನದ ಡಾಕ್ಟ್ರು ಸಿದ್ದಲಿಂಗೇಶ್ ಮೊಬೈಲಿನಿಂದ ತಲೆ ಎತ್ತದೆ ಕೇಳಿದರು. "ಮಾಲೀಕರು ಯಾರಂತ ಬರೀಲಿ ಭವ್ಯ? ಇಲ್ಲಿ ಖಾಲಿ ಬಿಟ್ರ ಮುಂದಕ್ಕ ಹೋಗಂಗಿಲ್ಲ ಇದು."

"ಗುಡ್ಡದ ದೇವರು ಜಂಬುನಾಥ ಅಂತ ಬರೀರಿ," ಎಂದ ಕೊಟ್ರಯ್ಯ. "ಅವನ ಬಸವ, ಅವನ ಹೆಸರು."

"ಮೊಬೈಲ್ ನಂಬರ್ ಕೇಳ್ತೈತಲ್ರಿ ಯಜಮಾನ್ರೇ. ಅದಕ್ಕ ಓಟಿಪಿ ಬರ್ತತಿ."

"ಗುಡ್ಡದ ಮ್ಯಾಲ ಸಿಗ್ನಲ್ ಭಾಳ ಚಲೋ ಐತ್ರಿ," ಎಂದ ತಿಪ್ಪೇಶ್. ಸುತ್ತ ನಿಂತವರೆಲ್ಲ ನಕ್ಕರು.

ದುರ್ಗಕ್ಕ ನಗಲಿಲ್ಲ. ಮಾಲೀಕರು ಎಂಬ ಮಾತು ಅವಳ ಕಿವಿಯಲ್ಲಿ ಇರುವೆಯಂತೆ ಹರಿಯುತ್ತಿತ್ತು.

ಭವ್ಯ ಇನ್ನೂ ಸೊಂಟಕ್ಕೆ ಬರುವಷ್ಟಿದ್ದಾಗ ಒಂದು ಜ್ವರ ಬಂದಿತ್ತು. ಹೊಸಪೇಟೆಗೆ ಒಯ್ದರು, ಮದ್ದು ಹಾಕಿಸಿದರು, ಕೊನೆಗೆ ಮನೆಗೆ ಕರಕೊಂಡು ಹೋಗ್ರಿ ಎಂಬ ಮಾತೂ ಕೇಳಿದರು. ಮಗುವಿನ ಕಣ್ಣುಗಳು ತೆರೆದೇ ಇದ್ದವು, ನೋಟ ಮಾತ್ರ ಬೇರೆಲ್ಲೋ ಹೊರಟಿತ್ತು. ಮನೆಯಲ್ಲಿದ್ದದ್ದು ಒಂದು ಆಕಳು, ಅದರ ಬಿಳಿ ಹೋರಿಗರು. ದುರ್ಗಕ್ಕ ಮಗಳನ್ನು ಹೆಗಲಿಗೆ ಹಾಕಿಕೊಂಡು ಕರುವನ್ನು ಹೊಡೆದುಕೊಂಡು ಜಂಬುನಾಥನ ಗುಡ್ಡದ ಬುಡಕ್ಕೆ ನಡೆದಳು. ಅಲ್ಲಿ ಗುಡಿಯ ಮೂಕಣ್ಣಜ್ಜ ಕರುವಿನ ತೊಡೆಗೆ ದೇವರ ಮುದ್ರೆ ಒತ್ತಿ, ಕೊರಳ ಹಗ್ಗ ಬಿಚ್ಚಿ, "ನಂದಲ್ಲ ಅನ್ನವ್ವ" ಎಂದ. ಅವಳು ಅಂದಳು. ಅಜ್ಜ ಹೆಗಲ ಮೇಲಿನ ಮಗುವನ್ನು ತೋರಿಸಿದ. "ಇನ್ನ ಇದು ನಿಂದು. ಅದನ್ನ ಎಂದಾರ ನಂದು ಅಂದಿ, ಅವತ್ತ ಇದು ನಿಂದಲ್ಲ." ಮರಳಿ ಬರುವಾಗ ಮಗು ಹೆಗಲ ಮೇಲಿಂದ ಮಂಡಕ್ಕಿ ಬೇಕೆಂದಿತು.

ಅಂದಿನಿಂದ ಅವಳು ಅದನ್ನು ಹೆಸರಿಟ್ಟು ಕರೆದವಳಲ್ಲ. ಬಾಗಿಲಿಗೆ ಬಂದರೆ ಊರವರೆಲ್ಲ ಹಾಕುವಷ್ಟೇ ಹಾಕಿದಳು, ಜೋಳಕ್ಕೆ ಬಾಯಿ ಹಾಕಿದರೆ ಊರವರಂತೆಯೇ ಗದರಿದಳು. ಬಸವನೂ ಹಾಗೇ ಎಲ್ಲರದಾಗಿ ಬೆಳೆಯಿತು. ಯಶವಂತನಗರದ ಲಾರಿ ಡ್ರೈವರುಗಳು ಅದಿರಿನ ಧೂಳು ಮೆತ್ತಿದ ಕೆಂಪು ಬಸವನಿಗೆ ದಾರಿ ಬಿಟ್ಟೆವು ಎಂದರು. ಅದೇ ಮಧ್ಯಾಹ್ನ ಕಂಪ್ಲಿಯ ಬಾಳೆತೋಟದ ಕಾಲುವೆಯಲ್ಲಿ ಕರಿ ಕೆಸರಿನ ಬಸವ ಬಿದ್ದುಕೊಂಡಿದ್ದನ್ನು ಕಂಡವರಿದ್ದರು. ಹಂಪಿಗೆ ಹೋಗಿ ಬಂದವರು, ಬಂಡೆಗಳ ನಡುವೆ ಬಂಡೆಯ ಬಣ್ಣದ್ದೊಂದು ಉಸಿರಾಡುತ್ತಿತ್ತು ಎಂದರು. ಎಲ್ಲವೂ ಒಂದೇ ಬಸವ. ಹೇಗೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೇ ಬೀಳಲಿಲ್ಲ. ಭವ್ಯ ಪಶುಸಖಿ ತರಬೇತಿಗೆಂದು ಸಂಡೂರಿಗೆ ಬಸ್ಸು ಹತ್ತಿದ ದಿನ ದುರ್ಗಕ್ಕ ಕಣ್ಣು ಮುಚ್ಚಿದರೆ ಸಾಕು, ಬಸ್ಸಿನ ಹಿಂದೆ ಅದು ಅವಸರವಿಲ್ಲದೆ ನಡೆದುಹೋಗುವುದು ಕಾಣುತ್ತಿತ್ತು.

"ಅವ್ವಾ, ಕೇಳಿಲ್ಲಿ," ಭವ್ಯ ಹತ್ತಿರ ಬಂದು ದನಿ ತಗ್ಗಿಸಿದಳು. "ಗಂಟುರೋಗ ಮತ್ತ ಬಂದೈತಿ. ಹೋದ ಸಲ ಪಕೀರಪ್ಪ ಮಾವನ ಕರ ನನ್ನ ತೊಡಿ ಮ್ಯಾಲ ಸತ್ತಿದ್ದು ಮರ್ತೇನು? ಸೂಜಿ ಹಾಕ್ಬೇಕಂದ್ರ ಓಲೆ ಇರ್ಬೇಕು, ಓಲೆಗೆ ಹೆಸರು ಇರ್ಬೇಕು."

"ಸೂಜಿ ಹಾಕ್ರಿ. ಬ್ಯಾಡ ಅಂದ್ನೇನು? ರೋಗ ಬರೂವಾಗ ಹೆಸರು ಕೇಳಿ ಬರ್ತತೇನು?"

"ಹಂಗ ಹಾಕಾಕ ಬರಂಗಿಲ್ಲವ್ವ."

ತಿಪ್ಪೇಶ್ ಬಾಯಿ ಹಾಕಿದ. "ಅಕ್ಕಾ, ಕಾದ ಕಬ್ಬಿಣ ಒತ್ತಿಸಿದಾಗ ಬರಲಾರದ ಕರುಣಿ ಈಗ್ಯಾಕ? ಇದು ಬರೇ ಸೊಳ್ಳಿ ಕಡದಂಗ."

"ನೋವಾಗಿರ್ಬೇಕಪ್ಪ ಅದಕ್ಕ. ಆದ್ರ ಆ ಮುದ್ರಿ ನೋಡಿ ಇವತ್ತಿನ ತನಕ ಯಾರೂ ಅದರ ಮ್ಯಾಲ ಹಗ್ಗ ಒಗದಿದ್ದಿಲ್ಲ."

ತಿಪ್ಪೇಶ್ ಕೆಳಗೆ ಬಿದ್ದಿದ್ದ ಹಗ್ಗವನ್ನು ಕಾಲಿನಿಂದ ಬದಿಗೆ ಸರಿಸಿದ.

ರಸ್ತೆಯಾಚೆ ಹಿಂಬಾಗಿಲು ತೆರೆದ ಪಿಕಪ್ ಗಾಡಿಯೊಂದು ನಿಂತಿತ್ತು. ಓಲೆ ಇಲ್ಲದ, ವಾರಸುದಾರರಿಲ್ಲದ ದನ ಅದರಲ್ಲಿ ದೂರದ ದೊಡ್ಡಿಗೆ ಹೋಗುತ್ತದೆ ಎಂದು ಡಾಕ್ಟ್ರು ಬೆಳಿಗ್ಗೆಯೇ ಹೇಳಿದ್ದರು. ಭವ್ಯ ಆ ಗಾಡಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ ಇಕ್ಕಳವನ್ನು ಡಾಕ್ಟ್ರ ಕೈಗೆ ಕೊಟ್ಟು, ಅವರ ಮೊಬೈಲು ಇಸಿದುಕೊಂಡು ಸರಸರನೆ ಏನೋ ಒತ್ತಿದಳು.

ದುರ್ಗಕ್ಕನ ಸೊಂಟದಲ್ಲಿ, ಎಲೆ ಅಡಿಕೆ ಚೀಲದೊಳಗೆ ಫೋನು ಗುಂಯ್ ಎಂದು ನಡುಗಿತು.

"ನಿನ್ನ ಹೆಸರ ಹಾಕೀನವ್ವ," ಎಂದಳು ಭವ್ಯ. "ಆ ನಂಬರ್ ಓದಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಅದನ್ನ ನಾ ದೇವ್ರಿಗೆ ಯಾಕ ಬಿಟ್ಟೆ ಅಂತ ಗೊತ್ತೈತೇನು ನಿನಗ?"

"ಆ ಕತಿ ಗೊತ್ತೈತಿ. ನನಗ ಜ್ವರ ಬಂದಿತ್ತು, ಹೋತು. ಅಷ್ಟ."

ಫೋನು ಮೈಗೆ ಬೆಚ್ಚಗೆ ತಾಗುತ್ತಿತ್ತು, ಆ ದಿನದ ಮಗುವಿನ ಹಣೆಯಂತೆ. ಬಿಸಿಲಲ್ಲಿ ಎಲ್ಲವೂ ನಿಧಾನಕ್ಕೆ ನೀರಾಗುತ್ತಿರುವಂತೆ ದುರ್ಗಕ್ಕನಿಗೆ ಕಂಡಿತು. ಗಾಡಿ ಅಲುಗಿತು, ಗುಡ್ಡ ಅಲುಗಿತು, ನೀಲಿ ಕೋಟಿನ ಭವ್ಯ ಒಂದು ಕ್ಷಣ ಅಂಚುಗಳಿಲ್ಲದವಳಾದಳು. ಅವಳ ಆಚೆಗಿನ ಬೇಲಿ ಅವಳ ಮೈಯೊಳಗಿಂದಲೇ ಕಂಡಂತಾಯಿತು. ದುರ್ಗಕ್ಕ ಥಟ್ಟನೆ ಮಗಳ ಮೊಣಕೈ ಹಿಡಿದಳು. ಗಟ್ಟಿಯಾಗಿತ್ತು, ಬೆವರಿತ್ತು.

ಸಿದ್ದಲಿಂಗೇಶ್ ಕೆಟ್ಟವರಲ್ಲ. ಮೊಬೈಲು ವಾಪಸ್ಸು ತೆಗೆದುಕೊಂಡು, ಅದನ್ನೂ ಇಕ್ಕಳವನ್ನೂ ಜೀಪಿನ ಮೇಲಿಟ್ಟು, ಎರಡೂ ಕೈ ಖಾಲಿ ತೋರಿಸುತ್ತ ಅವಳ ಮುಂದೆ ಬಂದು ನಿಂತರು.

"ದುರ್ಗಕ್ಕ, ನಾ ಒಂದು ಮಾತು ಕೊಡ್ತೀನಿ. ಕಿವಿ ಮುಟ್ಟಂಗಿಲ್ಲ. ಓಲೆ ನಿಮ್ಮ ಕೈಗೇ ಕೊಡ್ತೀನಿ, ಬೇಕಾದ್ರ ಕಾಲುವಿಗೆ ಒಗೀರಿ. ಸೂಜಿ ಈಗ್ಲೇ ಹಾಕ್ತೀನಿ, ಆ ಗಾಡಿ ಖಾಲಿ ಕಳಿಸ್ತೀನಿ. ಬಸವ ತನ್ನ ಪಾಡಿಗೆ ತಾ ಹೋಗ್ಲಿ. ನಿಮ್ಮ ಹೆಸರು ಈ ಮೊಬೈಲಿನ್ಯಾಗ ಅಷ್ಟ ಇರ್ತತಿ, ಯಾರೂ ನೋಡಂಗಿಲ್ಲ. ಬಂದಿರೋ ನಂಬರ್ ಓದ್ರಿ. ಇದು ನಂದು ಅಂದ್ರ ಮುಗೀತು."

ಕೊಟ್ರಯ್ಯ ಒಲೆ ಬಿಟ್ಟು ಎದ್ದು ಬಂದಿದ್ದ. "ಹ್ಞೂಂ ಅನ್ನು ತಂಗೀ. ಇದಕ್ಕಿಂತ ಇನ್ನೇನು ಬೇಕು?"

ಸಂಡೂರಿನ ಕಡೆಯಿಂದ ಲಾರಿಯೊಂದು ಹಾದುಹೋಯಿತು. ಬಸವ ಕೆಂಪಾಯಿತು. ಧೂಳು ಇಳಿದಾಗ ಎಲ್ಲರೂ ದುರ್ಗಕ್ಕನ ಬಾಯಿಯನ್ನೇ ನೋಡುತ್ತಿದ್ದರು.

"ಒಲ್ಲೆ," ಎಂದಳು ದುರ್ಗಕ್ಕ.