ನೀರು ಕುಡಿಸಿದ ನೆಲ

ಸತ್ತ ಗಂಡನಿಗೆ ತೊಡಿಸಲೆಂದು ಅವನು ದುಡಿಯುತ್ತಿದ್ದ ಅಂಗಡಿಯ ಸಾಹುಕಾರ ಕಳಿಸಿದ್ದ ಹೊಸ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಜೇಬಿನ ಮೇಲೆ ಹೊಲಿದಿದ್ದ ಅಂಗಡಿಯ ಹೆಸರನ್ನು ಆಕೆ ಹಳೇ ಬ್ಲೇಡಿನಿಂದ ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು. ಹಳದಿ ದಾರ, ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಆ ಅಂಗಡಿಯಲ್ಲಿ ಇಷ್ಟು ಗಟ್ಟಿಯಾದ ಸಾಮಾನು ಇನ್ನೊಂದಿರಲಾರದು ಅಂದುಕೊಂಡಳು. ಬೇರೆ ಅಂಗಿ ತೊಡಿಸೋಣವೆಂದರೆ, ಬೀರುವಿನಲ್ಲಿದ್ದ ಏಳೂ ಅಂಗಿಗಳ ಮೇಲೆ ಅದೇ ಹೆಸರು.

"ಸಾಕು ಬಿಡಕ್ಕಾ," ಎಂದ ತಮ್ಮ, ಬಾಗಿಲಲ್ಲಿ ನಿಂತು. "ಜನ ಕಾಯ್ತಿದ್ದಾರೆ. ಮಣ್ಣೊಳಗೆ ಅದನ್ನ ಯಾರು ಓದ್ತಾರೆ?"

"ಮಣ್ಣೊಳಗೆ ಯಾರೂ ಓದಲ್ಲ. ಮಣ್ಣಿಗೆ ಹಾಕೋವರೆಗೆ ಊರೆಲ್ಲ ಓದುತ್ತೆ. ಅದಕ್ಕೇ ಕಳಿಸಿರೋದು."

ಊರಿನಲ್ಲಿ ನೆಲ ಉಳುವ ಟಿಲ್ಲರ್ ಮಾರುವ ಅಂಗಡಿ ಅದೊಂದೇ. ಕೈತೋಟದವರಿರಲಿ ಹೊಲದವರಿರಲಿ, ಕೊಳ್ಳಲು ಬಂದವರಿಗೆ ಅಂಗಡಿಯ ಹಿಂದಿನ ತುಂಡು ನೆಲದಲ್ಲಿ ಮಷೀನು ಓಡಿಸಿ ತೋರಿಸುವುದು ಗಂಡನ ಕೆಲಸ. ಮೂವತ್ತು ವರ್ಷ ತೋರಿಸಿ ತೋರಿಸಿ ಜನರ ಬಾಯಲ್ಲಿ ಮೇಷ್ಟ್ರಾಗಿದ್ದ. ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಅಂಗಿ ತೊಡಿಸಿ ಹೆಣವನ್ನು ಮುಂದಿನ ಕೋಣೆಗೆ ತಂದದ್ದೇ ತಡ, ಹೊಗಳಿಕೆ ಶುರುವಾಯಿತು.

"ಒಂದು ಕೈಯಲ್ಲಿ ಟಿಲ್ಲರು, ಇನ್ನೊಂದು ಕೈಯಲ್ಲಿ ಚಹಾ ಲೋಟ! ಒಂದು ಹನಿ ಚೆಲ್ತಿರಲಿಲ್ಲ ಕಣ್ರೀ," ಎಂದ ಔಷಧಿ ಅಂಗಡಿಯವನು.

"ಆ ಕೈಗುಣ ಎಲ್ಲರಿಗೂ ಬರುತ್ತಾ?" ಎಂದ ಸಲೂನಿನವನು. ಅವನ ಬಲ ಮಣಿಕಟ್ಟು ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. "ನಾನೂ ಅದೇ ಮಷೀನು ಕೊಂಡೆ. ಮೇಷ್ಟ್ರು ಹೇಳಿದ್ರು, ಕೈ ಪಳಗಬೇಕು ಅಂತ. ಪಳಗೋ ಮೊದಲೇ ಮುರೀತು. ತಪ್ಪು ನಂದೇ, ನಮ್ಮನೆಯವಳು ಈಗಲೂ ಹೇಳ್ತಾಳೆ, ಕತ್ತರಿ ಹಿಡಿಯೋ ಕೈಗೆ ಇದೆಲ್ಲ ಯಾಕೆ ಬೇಕಿತ್ತು ಅಂತ."

ಹೆಣದ ಮುಂದೆಯೇ ನಾಲ್ಕು ಜನ ಕಿಸಕ್ಕನೆ ನಕ್ಕರು. ಅವನೂ ನಕ್ಕ.

ಅಷ್ಟರಲ್ಲಿ ಸಾಹುಕಾರ ಬಂದ. ಬಂದವನ ಕಣ್ಣು ಮೊದಲು ಹೋದದ್ದು ಹೆಣದ ಮುಖಕ್ಕಲ್ಲ, ಜೇಬಿಗೆ.

"ಅಯ್ಯೋ, ಹೆಸರೆಲ್ಲಿ ಹೋಯ್ತಮ್ಮಾ?"

"ಬಿಚ್ಚಿಹೋಯ್ತು."

ಸಾಹುಕಾರ ಕರವಸ್ತ್ರದಿಂದ ಒಣ ಕಣ್ಣು ಒರೆಸಿಕೊಂಡ. ಮುಂದಿನ ವಾರ ಮೇಷ್ಟ್ರ ನೆನಪಿಗೆ ದೊಡ್ಡ ಡೆಮೊ ಇಡುತ್ತೇನೆ ಎಂದ. ಫೋಟೋ ಇಟ್ಟು, ಪಕ್ಕದಲ್ಲಿ ಆಕೆಗೊಂದು ಕುರ್ಚಿ. "ಮಷೀನು ನಿಮ್ಮ ತಮ್ಮನೇ ಓಡಿಸಲಿ. ಅವನಿಗೂ ಕೆಲಸ ಇಲ್ವಲ್ಲ." ಆಮೇಲೆ ಬಾಗಿ, ಕಿವಿಯ ಹತ್ತಿರ: "ಹಿಂದಿನ ದಿನದ ತಯಾರಿ ನಿಮಗೆ ಗೊತ್ತೇ ಇದೆ. ಹೇಳಿಕೊಡಿ."

ಆತನ ಬಾಯಿಂದ ಏಲಕ್ಕಿಯ ವಾಸನೆ ಬಂತು. ಗಂಡನ ಬಾಯಿಗೆ ಇನ್ನೂ ಮಣ್ಣು ಬಿದ್ದಿಲ್ಲ, ಆಗಲೇ ತಮ್ಮನ ಬಾಯಿಗೆ ಬೀಗ. ತಮ್ಮ ಮಾತ್ರ ಕೆಲಸ ಸಿಕ್ಕಿತೆಂದು ಕಣ್ಣರಳಿಸಿ ನಿಂತಿದ್ದ.

* * *

ತಯಾರಿ ಎಂದರೆ ಇಷ್ಟೇ. ಡೆಮೊ ಹಿಂದಿನ ದಿನ ಸಂಜೆ, ಅಂಗಡಿ ಮುಚ್ಚಿದ ಮೇಲೆ, ಆಕೆ ಪೈಪು ಹಿಡಿದು ಆ ತುಂಡು ನೆಲಕ್ಕೆ ಹೊಟ್ಟೆ ತುಂಬ ನೀರು ಕುಡಿಸಬೇಕು. ನೀರು ಇಂಗಿದ ಮೇಲೆ ಗಂಡ ಗೋದಾಮಿನ ಭಾರದ ಮಷೀನು, ಚಕ್ರದ ಹಿಂದೆ ಬ್ಲೇಡು ಇರುವಂಥದ್ದು, ಹೊರಗೆ ತೆಗೆದು ಉದ್ದಕ್ಕೂ ಅಡ್ಡಕ್ಕೂ ಎರಡು ಸಲ ಓಡಿಸುವನು. ಮಣ್ಣು ಹಿಟ್ಟಾಗುವುದು. ಆಮೇಲೆ ಇಬ್ಬರೂ ಅದನ್ನು ತುಳಿದು ಮಟ್ಟ ಮಾಡಿ, ಮೇಲೆ ಒಣ ಮಣ್ಣು ಎರಚಿ, ಅಲ್ಲಲ್ಲಿ ಒಣಗಿದ ಹುಲ್ಲಿನ ಬುಡ ಸಿಕ್ಕಿಸುವರು. ನೋಡಿದವರಿಗೆ ವರ್ಷಗಟ್ಟಲೆ ಬೀಳು ಬಿದ್ದ ನೆಲ. ಹುಲ್ಲು ನೆಡುವುದರಲ್ಲಿ ಆಕೆಯದು ಎತ್ತಿದ ಕೈ. ಬೆಳಗ್ಗೆ ಜನರೆದುರು ಗಂಡ ಸಣ್ಣ ಮಷೀನು, ಮುಂದೆ ಬ್ಲೇಡು ಇರುವಂಥದ್ದು, ಒಂದೇ ಕೈಯಲ್ಲಿ ಬೆಣ್ಣೆಯ ಮೇಲೆ ನಡೆಸಿದ ಹಾಗೆ ನಡೆಸುವನು. ಅದೇ ಮಷೀನು ಗಟ್ಟಿ ನೆಲಕ್ಕೆ ಹೋದರೆ ಮಣ್ಣು ಕೊರೆಯುವುದಿಲ್ಲ. ಬ್ಲೇಡಿನ ಮೇಲೇ ಎದ್ದು ಕುಣಿಯುತ್ತ ಹಿಡಿದವನನ್ನು ಎಳೆದುಕೊಂಡು ಓಡುತ್ತದೆ.

ಗಂಡನಿಗೆ ತಿಳಿಯದ್ದೇನೂ ಇರಲಿಲ್ಲ. ಮನೆಯ ಹಿತ್ತಿಲು ಉಳುವ ಮಾತು ಬಂದಾಗ ಆಕೆಗೆ ಸರಿಯಾಗಿಯೇ ಹೇಳಿಕೊಟ್ಟಿದ್ದ. ಒಂದು ಹಿಡಿ ಮಣ್ಣು ಹಿಸುಕಿ ಬಿಡು. ಉಂಡೆಯಾಗಿಯೇ ಉಳಿದರೆ ಹಸಿ ಜಾಸ್ತಿ, ಎರಡು ದಿನ ಕಾಯಿ. ಹಿಡಿಯೋಕೇ ಆಗದ ಹೆಂಟೆಯಾದರೆ ಮಷೀನು ಮುಟ್ಟಲೇಬೇಡ, ಮೊದಲು ಪಿಕಾಸಿ ಹಾಕು. ಮುಟ್ಟಿದರೆ ಪುಡಿಯಾಗಬೇಕು, ಅದು ಹದ. ಮೊದಲ ಸಲ ಎರಡು ಬೆರಳಿನಷ್ಟೇ ಆಳ, ಆಮೇಲೆ ಇನ್ನಷ್ಟು.

"ಇದನ್ನ ಕೊಳ್ಳೋಕೆ ಬರೋರಿಗೂ ಹೇಳಬಾರದಾ?" ಎಂದು ಆಕೆ ಕೇಳಿದ್ದಳು.

"ಹೇಳಿದ್ರೆ ಸಣ್ಣ ಮಷೀನು ಯಾರು ಕೊಳ್ತಾರೆ? ಗೋದಾಮಿನ ತುಂಬ ಅದೇ ಇರೋದು."

ಒಂಬತ್ತು ವರ್ಷದ ಹಿಂದೆ ಸಲೂನಿನವನು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಂಗಡಿಗೆ ಬಂದಿದ್ದ, ಜಗಳಕ್ಕಲ್ಲ, ತನ್ನದೇನು ತಪ್ಪಾಯಿತೆಂದು ಕೇಳಲು. ಗಂಡ ಅವನ ಬೆನ್ನು ತಟ್ಟಿ, ಕೈ ಪಳಗಬೇಕಪ್ಪಾ ಎಂದು ಕಳಿಸಿದ. ಅವತ್ತು ಮನೆಗೆ ಬಂದು ಅದನ್ನು ಹೇಳುತ್ತಲೇ ಊಟ ಮಾಡಿದ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಅದು ಆಕೆಗೆ ಅಸಹ್ಯವಾಗಿತ್ತು. ತಾನು ಬಡಿಸಿದ್ದು ಅದಕ್ಕಿಂತ ಅಸಹ್ಯ.

* * *

ಸ್ಮಶಾನಕ್ಕೆ ಹೋದರೆ ಗುಂಡಿ ಇನ್ನೂ ಮೊಣಕಾಲುದ್ದ. ತೋಡುವವನು ಬೆವರು ಸುರಿಸುತ್ತ ಕೂತಿದ್ದ.

"ಬಂಡೆ ಇದ್ದಂಗಿದೆ ಸ್ವಾಮಿ. ಬೆಳಗ್ಗೆಯಿಂದ ಹೊಡೀತಾ ಇದ್ದೀನಿ."

ಸಾಹುಕಾರನ ಮುಖ ಅರಳಿತು. ವ್ಯಾನಿನಲ್ಲಿ ಹೊಸ ಸಣ್ಣ ಮಷೀನು ಸಿದ್ಧವಾಗಿಯೇ ಬಂದಿತ್ತು, ಜೊತೆಗೆ ಫೋಟೋದವನು. "ನಮ್ಮ ಮೇಷ್ಟ್ರಿಗೆ ಪಿಕಾಸಿಯ ಗುಂಡಿಯೇ? ಅವರು ಮೂವತ್ತು ವರ್ಷ ಹಿಡಿದ ಮಷೀನೇ ಅವರಿಗೆ ಜಾಗ ಮಾಡಿಕೊಡಲಿ," ಎಂದ, ಎಲ್ಲರಿಗೂ ಕೇಳುವಂತೆ.

"ಇದು ಗುಂಡಿ ತೋಡೋ ಮಷೀನಲ್ಲ ಸ್ವಾಮಿ," ಎಂದ ತೋಡುವವನು. ಅವನ ಮಾತು ಯಾರಿಗೆ ಬೇಕು?

ಸಾಹುಕಾರ ಗುಂಡಿಯ ಪಕ್ಕದಲ್ಲಿ ಮಷೀನು ಇಳಿಸಿಕೊಂಡು, ಅದನ್ನು ಚಾಲೂ ಮಾಡುವ ಹಗ್ಗ ತಾನೇ ಎಳೆದ. ಮಷೀನು ಗುರ್ರೆಂದಿತು. ಫೋಟೋದವನ ಕಡೆ ಮುಖ ತಿರುಗಿಸಿ, ಮೇಷ್ಟ್ರ ಹಾಗೆಯೇ ಒಂದು ಕೈ ಬಿಟ್ಟ. ಬಿಟ್ಟದ್ದೇ ತಡ, ಮಷೀನು ಬ್ಲೇಡಿನ ಮೇಲೆ ಎದ್ದು ನಿಂತು, ಕಲ್ಲು ಸಿಡಿಸುತ್ತ, ಹಲಗೆಯ ಮೇಲೆ ಮಲಗಿಸಿದ್ದ ಹೆಣದ ಕಡೆಗೇ ನುಗ್ಗಿತು. ಸಾಹುಕಾರ ಹ್ಯಾಂಡಲಿಗೆ ಜೋತುಬಿದ್ದು ನಾಲ್ಕು ಮಾರು ಹೋಗಿ ಬೋರಲು ಬಿದ್ದ. ತಮ್ಮ ಹಾರಿ ಸ್ವಿಚ್ಚು ಆರಿಸದಿದ್ದರೆ ಗಂಡನ ಕಾಲು ಉಳಿಯುತ್ತಿರಲಿಲ್ಲ. ನೆಲದ ಮೇಲೆ ನಾಲ್ಕು ಗೀರು ಬಿದ್ದಿದ್ದವು, ಬೆಕ್ಕು ಪರಚಿದಷ್ಟು.

ಸಾಹುಕಾರನನ್ನು ಎಬ್ಬಿಸಿ, ಮಂಡಿಯ ಮಣ್ಣು ಕೊಡವಿದವನು ಸಲೂನಿನವನು, ಅದೇ ಸೊಟ್ಟ ಕೈಯಲ್ಲಿ. "ಬೇಜಾರು ಮಾಡ್ಕೋಬೇಡಿ ಸಾಹುಕಾರ್ರೇ. ನನಗೂ ಹೀಗೇ ಆಗಿದ್ದು. ಕೈ ಪಳಗಬೇಕು, ಅಷ್ಟೇ. ಮೇಷ್ಟ್ರಿದ್ದಿದ್ರೆ ಒಂದೇ ಕೈಯಲ್ಲಿ..."

ಆಕೆಗೆ ಇನ್ನು ತಡೆಯಲಾಗಲಿಲ್ಲ. ಹೇಳಿದರೆ ಗಂಡನಿಗೆ ಇದ್ದ ಒಂದೇ ಒಂದು ಒಳ್ಳೆಯ ಹೆಸರು ಹೋಗುತ್ತದೆ, ತಮ್ಮನ ಕೆಲಸ ಹೋಗುತ್ತದೆ. ಹೇಳದಿದ್ದರೆ ಈ ಮನುಷ್ಯ ಸಾಯುವವರೆಗೂ ತನ್ನ ಕೈಯನ್ನೇ ಬೈದುಕೊಂಡಿರುತ್ತಾನೆ.

"ಮೇಷ್ಟ್ರಿದ್ದಿದ್ರೂ ಆಗ್ತಿರಲಿಲ್ಲ," ಎಂದಳು. "ನಿನ್ನೆ ಸಂಜೆ ಇಲ್ಲಿಗೆ ನಾನು ನೀರು ಹಾಕಿಲ್ಲ."

"ದುಃಖದಲ್ಲಿ ಏನೇನೋ ಮಾತಾಡ್ತಿದ್ದಾರೆ," ಎಂದ ಸಾಹುಕಾರ. "ಯಾರಾದ್ರೂ ನೆರಳಿಗೆ ಕರ್ಕೊಂಡು ಹೋಗ್ರಪ್ಪಾ."

"ಅಕ್ಕಾ, ಭಾವ ಇನ್ನೂ ಮಲಗಿದ್ದಾರೆ. ಬೇಡ," ಎಂದ ತಮ್ಮ, ತೋಳು ಹಿಡಿದು.

ಆಕೆ ತೋಳು ಕೊಡವಿದಳು. ನೀರು, ಭಾರದ ಮಷೀನು, ತುಳಿದದ್ದು, ಒಣ ಮಣ್ಣು, ಎಲ್ಲ ಹೇಳಿದಳು. "ಹುಲ್ಲು ಸಿಕ್ಕಿಸ್ತಿದ್ದವಳು ನಾನು. ನಿಮಗೆ ಮಾರಿದ ಮಷೀನು ನಿಮ್ಮ ನೆಲಕ್ಕೆ ಆಗೋದೇ ಅಲ್ಲ. ಅವರಿಗೆ ಗೊತ್ತಿತ್ತು. ಈ ಸಾಹುಕಾರ್ರಿಗೂ ಗೊತ್ತಿತ್ತು. ನನಗೂ."

ಔಷಧಿ ಅಂಗಡಿಯವನು ಕೈಯಲ್ಲಿದ್ದ ಹೂವನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಹೊರಟ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಒಂದು ಗುಂಪೇ. ಸಾಹುಕಾರ, ವಿಚಾರಿಸಿಕೊಳ್ತೀನಿ ಎಂದು ಬಡಬಡಿಸುತ್ತ ಅವರ ಬೆನ್ನು ಹತ್ತಿದ. ತಮ್ಮ, ಅಕ್ಕನ ಮುಖ ನೋಡದೆ, ಪಿಕಾಸಿ ಎತ್ತಿಕೊಂಡು ಗುಂಡಿಗಿಳಿದ.

ಸಲೂನಿನವನು ಮಾತ್ರ ನಿಂತಲ್ಲೇ ನಿಂತಿದ್ದ.

"ಹಾಗಾದ್ರೆ ಅಮ್ಮಾ, ನನ್ನ ಕೈಯದು ತಪ್ಪಿರಲಿಲ್ಲ?"

"ಇರಲಿಲ್ಲ."

"ಆ ಮಷೀನು ಆ ನೆಲದಲ್ಲಿ ಯಾರ ಕೈಯಲ್ಲೂ ನಿಲ್ತಿರಲಿಲ್ಲ?"

"ಯಾರ ಕೈಯಲ್ಲೂ."

ಅವನು ಹಲಗೆಯ ಹತ್ತಿರ ಬಂದು ಮೇಷ್ಟ್ರ ಮುಖವನ್ನು ದಿಟ್ಟಿಸಿದ. ಉಗಿಯುತ್ತಾನೆ ಅಂದುಕೊಂಡಳು. ಉಗಿಯಲಿ, ಒರೆಸಲೂ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಅವನು ಉಗಿಯಲೂ ಇಲ್ಲ, ಕೈ ಮುಗಿಯಲೂ ಇಲ್ಲ. ತಿರುಗಿ ಗೇಟಿನ ಕಡೆ ನಡೆದ.

ಮೊದಲು ನಡೆದ, ಗೇಟು ದಾಟಿದ ಮೇಲೆ ಬಿರಬಿರನೆ ನಡೆದ. ಹೊರಟುಹೋದವರ ಗುಂಪನ್ನು ಹಿಂದೆ ಹಾಕಿ ತಿರುವಿಗೆ ಬರುವಷ್ಟರಲ್ಲಿ ಆ ಐವತ್ತು ದಾಟಿದ ಮನುಷ್ಯ ಓಡುತ್ತಿದ್ದ, ಮನೆಯ ಕಡೆಗೆ, ಹೆಂಡತಿಗೆ ತೋರಿಸಲು ಆ ಸೊಟ್ಟ ಮಣಿಕಟ್ಟನ್ನು ಎಡಗೈಯಿಂದ ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು.